ವಿಂಡೋಗಳನ್ನು ಪಂಕ್ತಿಗೆ ಕೂರಿಸಿದ ಮಹಾನಂದವ್ವ

ಭಾಳ ಹಿಂದೆ, ಕಂಪ್ಯೂಟರಿಗೆ ಮುಖಕ್ಕಿಂತ ಬೆನ್ನೇ ದೊಡ್ಡದಿದ್ದ ಕಾಲದಲ್ಲಿ, ಕುಪ್ಪಸದ ಖಣ ನೇಯುವ ಒಂದೂರಿನಲ್ಲಿ ಮಹಾನಂದವ್ವ ಅಂತ ಒಬ್ಬಳಿದ್ದಳಂತೆ. ಯಾರ ಮನೆ ಮದುವೆಯಾದರೂ ಊಟದ ಪಂಕ್ತಿ ಕೂರಿಸುವವಳು ಅವಳೇ ಅಂತೆ. ಎಷ್ಟೇ ಜನ ನುಗ್ಗಲಿ, ಹೆಸರು ಹಿಡಿದು ಕರೆದು, ನೀ ಇಲ್ಲಿ, ನೀ ಅಲ್ಲಿ, ಚೂರು ಸರಿ ಅಂತ ಕೂರಿಸಿ, ಕೊನೆಗೆ "ಎಲ್ಲಾರೂ ಬಂದ್ರ್ಯಾ?" ಅಂತ ಕೂಗುವಳಂತೆ. ಬಾಯಿ ಅಂದರೆ ಬಾಯಿ!

ಹಗಲೆಲ್ಲ ಅವಳಿಗೆ ನೇಕಾರರ ಸಂಘದ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ. ಅದು ಲಿನಕ್ಸ್ ಕಂಪ್ಯೂಟರು. ಒಳಗೆ ಏನು ನಡೆಯುತ್ತದೆ ಅಂತ ಯಾರು ಬೇಕಾದರೂ ಬಿಚ್ಚಿ ನೋಡಬಹುದು. ಅವಳು ನೋಡಿದ್ದಳಂತೆ.

ಅಲ್ಲಿ ಗುರುಶಾಂತಪ್ಪ ಅಂತ ಮುದಿ ನೇಕಾರನಿದ್ದ. ಅವನ ತಾಯಿ ನೇಯುತ್ತಿದ್ದ ಖಣದ ಒಂದು ಅಂಚು ಅವನ ನೆನಪಿನಲ್ಲಷ್ಟೇ ಉಳಿದಿತ್ತು. ನಡುಗುವ ಕೈಯಲ್ಲಿ ಬೆಳಗಿನಿಂದ ಒದ್ದಾಡಿ ಅದನ್ನು ಕಂಪ್ಯೂಟರಿನಲ್ಲಿ ಬರೆದ. ಬರೆದ ಖುಷಿಯಲ್ಲಿ ಸೇವ್ ಮಾಡುವುದನ್ನೇ ಮರೆತ. ಇನ್ನೊಮ್ಮೆ ಬರೆಯುವ ಶಕ್ತಿ ಆ ಕೈಗೆ ಇರಲಿಲ್ಲ.

ಅಷ್ಟರಲ್ಲಿ ಸಂಘದ ಅಧ್ಯಕ್ಷರು ಬಂದು, ಆ ಕಂಪ್ಯೂಟರಿಗೆ ಜೋಡಿಸಿದ್ದ ಎರಡನೆಯ ಪರದೆ ತಮ್ಮ ಕೋಣೆಗೆ ಬೇಕೆಂದು ವೈರು ಕಿತ್ತು ಹೊರಗೆ ಸಾಗಿಸಿದರಂತೆ. ಗುರುಶಾಂತಪ್ಪ ಅಂಚು ಬರೆದಿದ್ದ ವಿಂಡೋ ಇದ್ದದ್ದು ಅದರಲ್ಲೇ. ಪರದೆ ಹೋಯಿತು, ವಿಂಡೋ ಕಣ್ಣಿಗೆ ಕಾಣದ ಜಾಗದಲ್ಲಿ ನಿಂತುಬಿಟ್ಟಿತು. ಮೌಸಿಗೆ ಸಿಗದು. ಅದೇ ಹೊತ್ತಿಗೆ ಕರೆಂಟೂ ಹೋಗಿ, ಯುಪಿಎಸ್ ಕುಂಯ್ ಕುಂಯ್ ಅನ್ನತೊಡಗಿತು. ಆರಿಸಿ ಹಚ್ಚಿದರೆ ಸರಿಹೋದೀತು ಅಂತ ಅಧ್ಯಕ್ಷರು ಗುಂಡಿಗೆ ಕೈ ಹಾಕಿದರಂತೆ. ಆರಿಸಿದ್ದರೆ ಸೇವ್ ಆಗದ ಅಂಚು ಅಳಿಸಿಯೇ ಹೋಗುತ್ತಿತ್ತು.

"ಕೈ ತಗೀರಿ ಅಧ್ಯಕ್ಷರ! ಅದೆಲ್ಲೂ ಹೋಗಿಲ್ಲ, ದೂರ ನಿಂತೈತಿ ಅಷ್ಟ" ಅಂದಳಂತೆ ಮಹಾನಂದವ್ವ.

ಮೌಸು ಬದಿಗೆ ತಳ್ಳಿ ಒಂದು ಸಾಲು ಟೈಪ್ ಮಾಡಿದಳು. ವಿಂಡೋದ ಹೆಸರು, ಬಂದು ಕೂರಬೇಕಾದ ಜಾಗ, ಅಗಲ, ಎತ್ತರ. ಬಂತು! ಆದರೆ ಅವಸರದಲ್ಲಿ ಅಳತೆ ತಪ್ಪಿ ಬೆಂಕಿಪೊಟ್ಟಣದಷ್ಟಾಗಿ ಬಂತು. "ಸಂಕೋಚ ಯಾಕ? ಅಗಲಾಗಿ ಕುಂಡ್ರು" ಅಂತ ಗದರಿ ಇನ್ನೊಂದು ಸಾಲು ಬರೆದಳಂತೆ. ಪರದೆ ತುಂಬ ಅಂಚು ಬಿಚ್ಚಿಕೊಂಡಿತು. ಸೇವ್ ಮಾಡಿ ಕೈ ತೆಗೆದಳು, ಯುಪಿಎಸ್ ಸತ್ತಿತು. ಕಪ್ಪು ಪರದೆ ನೋಡುತ್ತ ಗುರುಶಾಂತಪ್ಪ ಮಗುವಿನ ಹಾಗೆ ನಕ್ಕನಂತೆ.

ಆಮೇಲೆ ಎಲ್ಲ ವಿಂಡೋಗಳನ್ನೂ ಹೆಸರು ಹಿಡಿದು ಕರೆದು, ಅಂಚಿನದನ್ನು ಎಡಕ್ಕೆ, ಬಣ್ಣದ್ದನ್ನು ಬಲಕ್ಕೆ ಕೂರಿಸುವ ಪ್ರೋಗ್ರಾಮನ್ನೇ ಬರೆದಳು. ಬೇಕಾದವರು ತಿದ್ದಿಕೊಳ್ಳಲಿ ಅಂತ ಊರಿಗೇ ಬಿಟ್ಟಳು. ಅವಳು ಕೂಗಿದರೆ ಪಕ್ಕದೂರಿನ ವಿಂಡೋಗಳೂ ಸರಿದು ಕೂರುತ್ತಿದ್ದವು ಅಂತಾರೆ. ಆ ಬಾಯಿ ಕೇಳಿದವರು ಇಲ್ಲವೆನ್ನುವುದಿಲ್ಲ.

ಈಗಲೂ ಆ ಊರಿನಲ್ಲಿ ಪರದೆಯ ವೈರು ಕೀಳುವ ಮುಂಚೆ ಆ ಪ್ರೋಗ್ರಾಮು ನಡೆಸಿ, "ಎಲ್ಲಾರೂ ಬಂದ್ರ್ಯಾ?" ಅಂತ ಗಟ್ಟಿಯಾಗಿ ಕೇಳುತ್ತಾರೆ. ಮದುವೆ ಹೆಣ್ಣಿನ ಖಣಕ್ಕೆ ಆ ಅಂಚೇ ಬೇಕು. ಅದಕ್ಕೆ ಗುರುಶಾಂತಪ್ಪ ತನ್ನ ತಾಯಿಯ ಹೆಸರಿಡಲಿಲ್ಲ. ಮಹಾನಂದವ್ವನ ಅಂಚು ಅಂತ ಕರೆದ.