ಒಲೆ ತೆರಿಗೆಯೂ ಸಂಕವ್ವನ ಕೆಂಡವೂ

"ಯಾರೂ ತಪ್ಪಿಸಿಕೊಳ್ಳಲಾಗದ ತೆರಿಗೆ ಕಂಡುಹಿಡಿದಿದ್ದೇನೆ, ಮಹಾಪ್ರಭು!" ಎಂದು ಹಿರೇಕೋಟೆಯ ಮಂತ್ರಿ ದೇವಪಯ್ಯ ತುಂಬಿದ ಸಭೆಯಲ್ಲಿ ಎದೆ ತಟ್ಟಿಕೊಂಡ. "ಒಲೆ ತೆರಿಗೆ! ಬೆಂಕಿ ಹೊತ್ತಿಸಿದವರು ಒಲೆಯೊಂದಕ್ಕೆ ಐದು ಹಣ ಕೊಡಬೇಕು. ಕೊಡದಿದ್ದರೆ ಹಾರೆ ಹಾಕಿ ಒಲೆ ಒಡೆಯುವುದು. ಬಡವ ಬಲ್ಲಿದ ಎಂಬ ಭೇದವೇ ಇಲ್ಲ."

"ಅರಮನೆಗೂ?" ಎಂದ ಕೊಟ್ರಯ್ಯ. ರಾಜನನ್ನು ನಗಿಸುವುದೇ ಅವನ ಉದ್ಯೋಗ. ಅವತ್ತು ಮಾತ್ರ ಅವನಿಗೇ ನಗು ಬರಲಿಲ್ಲ.

ರಾಜ ಬೊಮ್ಮರಸ ಮೀಸೆ ತಿರುವಿದ. "ಅರಮನೆಗೂ! ನಾನು ಬೆಂಕಿ ಹೊತ್ತಿಸಿದ್ದರೆ ನಾನೂ ಕೊಡುತ್ತೇನೆ. ತಪ್ಪಿದರೆ ನನ್ನ ಒಲೆಯನ್ನೂ ಒಡೆಯಿರಿ."

ಹುಟ್ಟಿದಾರಭ್ಯ ಒಲೆಯ ಮುಂದೆ ಕೂತವನಲ್ಲವಲ್ಲ, ಮಾತು ಧಾರಾಳವಾಗಿಯೇ ಬಂತು. ಹತ್ತು ಅಂಕಣದ ಮನೆಯ ಸಾಹುಕಾರನಿಗೂ ಐದು ಹಣ, ಗುಡಿಸಲಿನವಳಿಗೂ ಐದು ಹಣ! ಇದೆಂಥ ಸಮಾನತೆ ಎಂದು ಕೊಟ್ರಯ್ಯನ ಮೈಯೆಲ್ಲ ಉರಿಯಿತು.

ಅವನ ಮುಖ ನೋಡಿ ಮಂತ್ರಿ ನಕ್ಕ. "ಬಾಯಿ ಬಹಳ ಆಡಿಸುತ್ತೀಯಲ್ಲ, ಮೊದಲ ವಸೂಲಿಗೆ ನೀನೇ ಹೋಗು."

ಊರೆಲ್ಲ ಡಂಗುರ ಸಾರಿದ ಮೇಲೆ ಕೊಟ್ರಯ್ಯ ಹಾರೆ ಹೊತ್ತು ಹೋದದ್ದು ರೊಟ್ಟಿ ಮಾರುವ ಮುದುಕಿ ಸಂಕವ್ವನ ಗುಡಿಸಲಿಗೆ. ಹಾರೆ ಕಂಡದ್ದೇ ತಡ, ಅವಳು ಒಲೆಗೆ ಒಂದು ತಂಬಿಗೆ ನೀರು ಸುರಿದುಬಿಟ್ಟಳು.

"ಬೆಂಕಿ ಇಲ್ಲದ ಒಲಿಗೆ ತೆರಿಗಿ ಇಲ್ಲಲ್ಲೋ ಯಪ್ಪಾ? ಇದನ್ನ ಒಡದ್ರ ನಾ ಉಪಾಸ ಸಾಯ್ತೀನಿ!"

"ಅಳಬ್ಯಾಡಬೇ. ಈ ಬೆಂಕಿ ನೀ ಯಾವಾಗ ಹೊತ್ತಿಸಿದ್ದಿ, ಅದನ್ನ ಹೇಳು."

"ನಾ ಎಲ್ಲಿ ಹೊತ್ತಿಸ್ಲಿ? ಕಾಮನ ಹುಣ್ಣಿಮಿಗೆ ಕಾಮಣ್ಣನ್ನ ಸುಟ್ಟ ಬೆಂಕ್ಯಾಗಿಂದ ತಂದ ಕೆಂಡ. ರಾತ್ರಿ ಬೂದಿ ಮುಚ್ಚತೀನಿ, ಮುಂಜಾನೆ ಊದತೀನಿ. ಊರಾಗ ಎಲ್ಲಾರೂ ಹಂಗ ಮಾಡ್ತಾರ."

"ಕಾಮಣ್ಣಗ ಬೆಂಕಿ ಇಟ್ಟವರು ಯಾರು?"

"ಅಷ್ಟೂ ಗೊತ್ತಿಲ್ಲೇನು ನಿನಗ? ವರ್ಷಾ ವರ್ಷಾ ಮಾರಾಜರ ಇಡ್ತಾರಲ್ಲ!"

ಕೊಟ್ರಯ್ಯನ ಮುಖ ಅರಳಿತು. ಹಾರೆಯನ್ನು ಹೆಗಲಿಗೇರಿಸಿ, "ಹಿಟ್ಟು ನಾದಿ ಇಡಬೇ ಸಂಕವ್ವಾ" ಎಂದವನೇ ನೆಟ್ಟಗೆ ಅರಮನೆಯ ಅಡುಗೆಮನೆಗೆ ನುಗ್ಗಿದ.

ಅಲ್ಲಿ ಹೋಳಿಗೆ ಬೇಯುತ್ತಿತ್ತು. ಅವನು ಹಾರೆ ಎತ್ತಿದ್ದು ಕಂಡು ಬಾಣಸಿಗರು ಬೊಬ್ಬೆ ಹೊಡೆದರು. ಊಟಕ್ಕೆ ಕೂತಿದ್ದ ರಾಜ, ಮಂತ್ರಿ ಇಬ್ಬರೂ ಎಲೆ ಬಿಟ್ಟು ಓಡಿಬಂದರು.

"ಕೊಟ್ರಯ್ಯಾ, ಹುಚ್ಚು ಹಿಡಿಯಿತೇ?"

"ಆಜ್ಞೆ ಪಾಲಿಸುತ್ತಿದ್ದೇನೆ, ಮಹಾಪ್ರಭು. ಊರಿನ ಮೂರು ಸಾವಿರ ಒಲೆಗಳಲ್ಲಿ ಇರುವುದು ಕಾಮನ ಹುಣ್ಣಿಮೆಯ ಕೆಂಡ. ಅದನ್ನು ಹೊತ್ತಿಸಿದ ಕೈ ತಮ್ಮದು. ಅಂದಮೇಲೆ ಹದಿನೈದು ಸಾವಿರ ಹಣವೂ ತಮ್ಮದೇ."

"ಇದು ಕುತರ್ಕ!" ಎಂದ ದೇವಪಯ್ಯ.

"ಹೊತ್ತಿಸಿದವರು ಕೊಡಬೇಕು ಎಂದವರು ತಾವೇ ಅಲ್ಲವೇ?" ಎಂದ ಕೊಟ್ರಯ್ಯ ರಾಜನತ್ತ ತಿರುಗಿದ. "ಹಣ ತರಿಸುತ್ತೀರೋ, ಒಲೆ ಒಡೆಯಲೋ? ಬೇಗ ಹೇಳಿ ಪ್ರಭೂ, ಹೋಳಿಗೆ ಸೀಯುತ್ತಿದೆ."

ರಾಜ ಒಮ್ಮೆ ಹಾರೆ ನೋಡಿದ, ಒಮ್ಮೆ ಹೋಳಿಗೆ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ತೆರಿಗೆ ರದ್ದು! ನಿನಗೇನು ಬಹುಮಾನ ಬೇಕು, ಕೇಳು."

"ಹೆದರಿ ಸಂಕವ್ವ ಒಲೆ ಆರಿಸಿದ್ದಾಳೆ. ಮಂತ್ರಿಗಳೇ ಹೋಗಿ ಕೆಂಡ ಕೊಟ್ಟು ಬರಲಿ. ಅಷ್ಟು ಸಾಕು."

ದೇವಪಯ್ಯ ಮಡಕೆಯಲ್ಲಿ ಕೆಂಡ ಹಿಡಿದು ನಡೆದ. ಹೆದರಿ ಒಲೆ ಆರಿಸಿದವಳು ಸಂಕವ್ವ ಒಬ್ಬಳೇ ಆಗಿರಲಿಲ್ಲ. ಬಾಗಿಲು ಬಾಗಿಲಿಗೂ ಹೆಂಗಸರು, "ನಮಗೊಂದು ಕೆಂಡ ಕೊಡ್ರೀ!" ಎಂದು ತಡೆದರು. ಕೊಡುತ್ತಾ ಕೊಡುತ್ತಾ ಗುಡಿಸಲು ಮುಟ್ಟುವ ಹೊತ್ತಿಗೆ ಮಡಕೆಯಲ್ಲಿ ಉಳಿದದ್ದು ಒಂದೇ ಕೆಂಡ, ಮಂತ್ರಿಯ ಹೊಟ್ಟೆಯಲ್ಲಿ ಹಸಿವು.

ಸಂಕವ್ವ ಕೆಂಡ ಊದಿ ಒಲೆ ಹೊತ್ತಿಸಿದಳು. ಮೊದಲ ರೊಟ್ಟಿ ಬೇಯಿಸಿ, ಬಿಸಿಬಿಸಿಯಾಗಿ ಮಂತ್ರಿಯ ಕೈಗಿಟ್ಟಳು.

"ತಿನ್ರೀ ಧಣ್ಯಾರ, ಅಂಜಬ್ಯಾಡ್ರಿ. ಹಸಿದವರಿಗೆ ನಾ ತೆರಿಗಿ ಹಾಕಂಗಿಲ್ಲ."