ಕುದುರೆಯ ಬೆನ್ನಿಗೆ ಸಾಕ್ಷಿ

ಒಂದಾನೊಂದು ಊರಿನಲ್ಲಿ... ಊರು ಅಂದೆನಲ್ಲ, ಅದು ನಿಂತ ಊರಲ್ಲ, ನಡೆಯುವ ಊರು. ಗುಡಾರ, ಮಡಕೆ, ಕುರಿ, ಕೂಸು ಎಲ್ಲವನ್ನೂ ಕಟ್ಟಿಕೊಂಡು ಹುಲ್ಲಿದ್ದಲ್ಲಿಗೆ ಹೋಗುವುದೇ ಅದರ ಕಸುಬು. ನಡೆದವರು ಊರಿನವರು, ಹಿಂದೆ ಬಿದ್ದವರು ಪರವೂರಿನವರು. ಕಟ್ಟಳೆ ಅಂದರೆ ಕಟ್ಟಳೆ.

ಅಲ್ಲಿ ಉಲ್ಮಾ ಅಂತ ಒಬ್ಬ ಅಜ್ಜಿ. ಒಂದು ಬೆಳಿಗ್ಗೆ ಅವಳ ಮಂಡಿ ನಡೆಯಲಾರೆ ಅಂದುಬಿಟ್ಟಿತು. ಯಜಮಾನ ತರ್ಗ ಬಂದು ತಲೆ ತಗ್ಗಿಸಿ ನಿಂತ.

"ಅಜ್ಜೀ, ಇನ್ನು ನೀನು ಪರವೂರಿನವಳು."

"ಯಾವ ಊರು ಅಂತ ಹೇಳಿ ಹೋಗಪ್ಪ."

"ಇದೇ. ನಾವು ಹೊರಟಮೇಲೆ ಇದು ಪರವೂರು."

ಹೊರಟರು. ಅಜ್ಜಿ ಹುಲ್ಲಿನಲ್ಲಿ ಕೂತೇ ಇದ್ದಳು. ಒಂದು ಕಾಡುಕುದುರೆ ಬಂತು.

"ಅಜ್ಜೀ, ನಿಮ್ಮವರು ಬೇಟೆಗೆ ಬಂದಾಗಲೆಲ್ಲ 'ಬೆನ್ನು ತೋರಿಸಿ ಓಡಿತು' ಅಂತ ನನ್ನ ಬೈತಾರೆ. ನನ್ನ ಹತ್ರ ಇಲ್ಲದ್ದನ್ನ ನಾನು ಹೇಗೆ ತೋರಿಸಲಿ?"

"ನಿನಗೆ ಬೆನ್ನಿದೆ ಮಗಾ."

"ನಾನು ನೋಡಿಲ್ಲ."

"ನನ್ನದನ್ನ ನಾನೂ ನೋಡಿಲ್ಲ. ನೋಯುತ್ತೆ, ಅದಕ್ಕೇ ಇದೆ ಅಂತ ಗೊತ್ತು."

"ನನಗೆ ನೋಯೋದೂ ಇಲ್ಲ," ಅಂದು ಕುದುರೆ ಕಣ್ಣೀರಿಟ್ಟಿತು.

ಅಜ್ಜಿ ಯೋಚಿಸಿದಳು. "ಮಲಗು. ಹತ್ತಿ ಕೂರ್ತೀನಿ. ನೀನೆದ್ದಾಗ ನಾನು ಬಿದ್ದರೆ ಬೆನ್ನಿಲ್ಲ, ಬೀಳದಿದ್ದರೆ ಇದೆ."

ಬೀಳಲಿಲ್ಲ.

"ಇದೆಯಾ?"

"ಇದೆ."

ಕುದುರೆ ಒಂದು ಹೆಜ್ಜೆ ಇಟ್ಟಿತು. "ಈಗಲೂ?"

"ಈಗಲೂ."

ಹೀಗೆ ಕೇಳುತ್ತ, ಹೇಳುತ್ತ ಇಬ್ಬರೂ ಮುಂದೆ ಹೋಗಿದ್ದ ಊರನ್ನು ಮುಟ್ಟಿದರು. ತರ್ಗ ಅಡ್ಡ ನಿಂತ.

"ನೀನು ನಡೀತಿಲ್ಲವಲ್ಲ."

"ನನ್ನ ಕೆಳಗೆ ನಾಲ್ಕು ಕಾಲು ನಡೀತಿವೆ. ನಿನ್ನ ಕೆಳಗೆ ಎರಡೇ. ಹೆಚ್ಚು ಊರಿನವರು ಯಾರಪ್ಪ?"

ಹಿರಿಯರು ಸೇರಿ, ಬೆರಳು ಮಡಚಿ, ಅಜ್ಜಿ ಎರಡು ಪಟ್ಟು ಊರಿನವಳು ಅಂತ ತೀರ್ಪು ಕೊಟ್ಟರು. ಆಮೇಲೆ ಜನ ಬಿಡುತ್ತಾರೆಯೇ? ಕಂಡ ಕಂಡ ಕುದುರೆಗೆ "ನಿನಗೆ ಬೆನ್ನಿದೆಯೇನೋ?" ಅಂತ ಕೇಳಿ ಅನುಮಾನ ಹುಟ್ಟಿಸಿದರು, ಹತ್ತಿ ಪರಿಹರಿಸಿದರು. ನಡೆಯುವ ಊರು ಓಡುವ ಊರಾಯಿತು.

ತರ್ಗ ಮಾತ್ರ ಹತ್ತಲಿಲ್ಲ. ಕಟ್ಟಳೆಯಲ್ಲಿ ನಡೆಯುವುದು ಇದೆ, ಕೂರುವುದು ಇಲ್ಲ. ಹಿಂದೆ ಬಿದ್ದ.

ಅಜ್ಜಿ ಕುದುರೆಯನ್ನು ತಿರುಗಿಸಿದಳು. ಧೂಳಿನಲ್ಲಿ ಅವನೊಬ್ಬನೇ ನಡೆದು ಬರುತ್ತಿದ್ದ.

"ಹತ್ತು."

"ನಾನೀಗ ಪರವೂರಿನವನು ಅಜ್ಜೀ."

"ಅದೇ ಬೇಕಿತ್ತು. ನಾನು ಈ ಕುದುರೆಗೆ ಮನೆಯ ಜನ ಆಗಿಬಿಟ್ಟೆ. ಮನೆಯವರ ಸಾಕ್ಷಿ ನಡೆಯೋದಿಲ್ಲ."

ತರ್ಗ ಹತ್ತಿದ.

"ಇದೆಯಾ?" ಅಂತು ಕುದುರೆ.

ತರ್ಗ ಅಂಗೈಯಿಂದ ಅದರ ಬೆನ್ನು ತಡವಿ ನೋಡಿದ. "ಇದೆ," ಅಂದ.

ಆದ್ದರಿಂದ ಮಹಾಜನರೇ, ಯಾರಾದರೂ ಬೆನ್ನು ತೋರಿಸಿದರೆ ಬೈಯಬೇಡಿ, ಕೂರಲು ಜಾಗ ಇದೆಯೇ ನೋಡಿ. ಅವರು ಹುಲ್ಲಿನ ಕಡೆ ಹೋದರು, ನಾನು ಊಟದ ಕಡೆ ಬಂದೆ.