ಎಲೆದಿಣ್ಣೆಯ ಹೊಸ ಚರ್ಚು

ಕಾವೇರಿಯ ಕಡೆಗೆ ಇಳಿಯುವ ಬಯಲಿನಲ್ಲಿ, ರಸ್ತೆಯ ಬಲಕ್ಕೆ, ಒಂದು ಬೋಳು ದಿಣ್ಣೆ ಇದೆ. ಅದರ ಹಿಂದೆ ಸಂತ ಅಂತೋಣಿಯವರ ಚರ್ಚು. ಬಸ್ಸಿನ ಕಂಡಕ್ಟರು ‘ಎಲೆದಿಣ್ಣೆ, ಎಲೆದಿಣ್ಣೆ’ ಎಂದು ಕೂಗಿದಾಗ ಹೊಸಬರು ಕಿಟಕಿಯಲ್ಲಿ ಇಣುಕಿ ವೀಳ್ಯದೆಲೆಯ ತೋಟ ಹುಡುಕುತ್ತಾರೆ. ಹುಡುಕಲಿ ಪಾಪ. ದಿಣ್ಣೆಯ ಮೇಲೆ ಎಲೆ ಬಿಡುವಂಥ ಒಂದು ಗಿಡವೂ ಇಲ್ಲ. ಕಲ್ಲು, ಕೆಮ್ಮಣ್ಣು, ಅಲ್ಲಲ್ಲಿ ಒಣಹುಲ್ಲು, ಅಷ್ಟೇ. ಚರ್ಚನ್ನು ಊರಿನವರು ಇಂದಿಗೂ ‘ಹೊಸ ಚರ್ಚು’ ಎಂದೇ ಕರೆಯುತ್ತಾರೆ. ಅದರ ಗೋಡೆಯ ಗಾರೆ ಉದುರಿ ಎಷ್ಟೋ ಕಾಲವಾಯಿತು, ಕಟ್ಟಿದವರ ಮೊಮ್ಮಕ್ಕಳೂ ಮಣ್ಣು ಸೇರಿದರು, ಆದರೂ ಅದು ಹೊಸದೇ. ಹಾಗಾದರೆ ಹಳೆಯದು ಎಲ್ಲಿ ಎಂದು ಕೇಳಿದರೆ ಮಾತ್ರ ಯಾರೂ ಕೈ ತೋರಿಸುವುದಿಲ್ಲ. ಅದನ್ನು ಊರಿನವರೇ ಸುಟ್ಟರು ಎನ್ನುತ್ತಾರೆ.

ಹಿಂದೆ ಒಮ್ಮೆ, ಪ್ಲೇಗು ಊರಿಂದೂರಿಗೆ ಸುತ್ತುತ್ತಿದ್ದ ಕಾಲದಲ್ಲಿ, ಇಲ್ಲಿ ಹುಲ್ಲು ಹೊದಿಸಿದ ಮಣ್ಣುಗೋಡೆಯ ಚರ್ಚು ಇತ್ತಂತೆ. ಇಲ್ಲಿಯ ಕ್ರೈಸ್ತ ಮನೆತನಗಳು ಯಾವುದೋ ಯುದ್ಧದಲ್ಲಿ ನೆಲೆ ತಪ್ಪಿ ಬಂದವರ ಪೀಳಿಗೆ. ಬಂದ ದಿನ ಗುರುತು ಪರಿಚಯವಿಲ್ಲದ ಒಬ್ಬ ಕುರಿಗಾಹಿ ಅವರ ಹಿರಿಯರಿಗೆ ತನ್ನ ಬುತ್ತಿ ಬಿಚ್ಚಿ ಕೊಟ್ಟನಂತೆ. ಆ ಋಣಕ್ಕಾಗಿ ಅವರೊಂದು ಕಟ್ಟಳೆ ಮಾಡಿಕೊಂಡಿದ್ದರು. ಅಂತೋಣಿ ಹಬ್ಬದ ದಿನ ಪೂಜೆ ಮುಗಿದು ಊರೆಲ್ಲ ಪಂಕ್ತಿಗೆ ಕೂತಾಗ, ಮೊದಲ ಮುತ್ತುಗದ ಎಲೆ ಪರಸ್ಥಳದವನಿಗೆ. ಅವನ ಹೆಸರು, ಜಾತಿ, ದೇವರು, ಎಲ್ಲಿಂದ ಬಂದ, ಯಾವುದನ್ನೂ ಕೇಳುವಂತಿಲ್ಲ. ಅವನು ಅನ್ನಕ್ಕೆ ಕೈ ಹಾಕಿದ ಮೇಲೆಯೇ ಉಳಿದವರು ಕೈ ಹಾಕಬೇಕು. ಒಂದು ವರ್ಷ ಯಾರೂ ಸಿಗದೆ, ಸಾರು ಆರಿ ತಣ್ಣಗಾಗಿ, ಕೊನೆಗೆ ದಾರಿಯಲ್ಲಿ ಹೋಗುತ್ತಿದ್ದ ಕೋಲೆಬಸವನವನನ್ನು ಬಸವನ ಸಮೇತ ಎಳೆದು ತಂದಿದ್ದರಂತೆ. ಬಸವನಿಗೂ ಒಂದು ಎಲೆ ಹಾಕಿದರು. ಅದು ಅನ್ನದ ಜೊತೆ ಎಲೆಯನ್ನೂ ಮುಗಿಸಿತು. ಇಂಥ ನಗುವಿನ ಕತೆಗಳು ಆಗ ಊರಿನಲ್ಲಿ ಬೇಕಾದಷ್ಟಿದ್ದವು.

ಮೊದಲ ಎಲೆಗೆ ಬಡಿಸುವುದು ಉಪದೇಶಿಯ ಹೆಂಡತಿಯ ಪಾಲು. ಸ್ವಾಮಿಗಳು, ಅಂದರೆ ಪಾದ್ರಿಗಳು, ಇಲ್ಲದ ದಿನಗಳಲ್ಲಿ ಜಪ ಹೇಳಿಸಿ, ಮಕ್ಕಳಿಗೆ ಧರ್ಮಪಾಠ ಕಲಿಸುವವನು ಉಪದೇಶಿ. ಆಗಿನ ಉಪದೇಶಿ ಇನ್ನಾಸಪ್ಪ, ಅವನ ಹೆಂಡತಿ ಮದಲೇನಮ್ಮ. ಅವರಿಗೆ ಲೂಸಿಯೆಂಬ ಒಬ್ಬಳೇ ಮಗಳು. ಆ ವರ್ಷ ಹೊಸ ಚರ್ಚಿನ ಗೋಡೆ ಎದೆಮಟ್ಟಕ್ಕೆ ಎದ್ದಿತ್ತು. ಕಲ್ಲು ಗಾರೆಯ ಚರ್ಚು ಬರುತ್ತದೆಂದು ಜನರ ಕಾಲು ನೆಲದ ಮೇಲಿರಲಿಲ್ಲ. ಹಬ್ಬದ ದಿನ ಒಬ್ಬ ಬಳೆಗಾರ ಸಿಕ್ಕಿದ. ಎಲೆಯ ಮುಂದೆ ಕೂತವನ ಕಣ್ಣು ಕೆಂಡದಂತಿದ್ದವು, ಮೈ ನಡುಗುತ್ತಿತ್ತು. ಮದಲೇನಮ್ಮ ಸೌಟು ಹಿಡಿದು ಅರೆಗಳಿಗೆ ನಿಂತಳು. ಪಟ್ಟಣದಲ್ಲಿ ಜನ ಸಾಯುತ್ತಿರುವ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಎಲ್ಲಿಂದ ಬಂದೆಯಪ್ಪ ಎಂದು ಒಂದು ಮಾತು ಕೇಳಬೇಕೆನ್ನಿಸಿತು, ಆದರೆ ಕೇಳುವಂತಿಲ್ಲ. ಪಂಕ್ತಿಯಲ್ಲಿ ಹಸಿದ ಊರೇ ಅವಳ ಕೈ ನೋಡುತ್ತಿತ್ತು. ಬಡಿಸಿದಳು. ಅವನು ಒಂದು ತುತ್ತು ತಿಂದು ಸಾಕೆಂದ. “ದಣಿದವ್ನೆ ಪಾಪ, ಚರ್ಚೊಳಗೆ ಮಲಗ್ಲಿ” ಎಂದು ಇನ್ನಾಸಪ್ಪ ಅವನನ್ನು ಕರೆದುಕೊಂಡು ಹೋಗಿ ಚಾಪೆ ಹಾಸಿಕೊಟ್ಟ.

ಬಳೆಗಾರ ಆ ಚಾಪೆಯಿಂದ ಏಳಲಿಲ್ಲ. ಅವನ ಹೆಣಕ್ಕೆ ಮಣ್ಣು ಹಾಕಿದ ಇನ್ನಾಸಪ್ಪನೂ ವಾರದೊಳಗೆ ಹೋದ. ಅವನ ಹಿಂದೆ ಲೂಸಿ. ಆಮೇಲೆ ಮನೆಮನೆಯಲ್ಲೂ ಅದೇ ಗೋಳು. ಬದುಕಿದವರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಹಳೆಯ ಚರ್ಚಿಗೆ ಬೆಂಕಿಯಿಟ್ಟರು. ತಿಂಗಳುಗಳು ಕಳೆದು ಮರಳಿ ಬಂದಾಗ ಊರಿನ ಯಜಮಾನ ಚೌರಪ್ಪ ಎಲ್ಲರನ್ನೂ ಸೇರಿಸಿ, ಇನ್ನು ಆ ಎಲೆ ಹಾಕುವುದು ಬೇಡ, ಹೊಸ ಚರ್ಚಿಗೆ ಹೊರಗಿನವರು ಬರುವುದೂ ಬೇಡ ಎಂದ. ಸ್ವಾಮಿಗಳಿಗೆ ಇದು ಸರಿಕಾಣಲಿಲ್ಲ, ಆದರೆ ಮಕ್ಕಳನ್ನು ಹೂತು ಬಂದವರಿಗೆ ಬುದ್ಧಿ ಹೇಳಲು ಅವರಿಗೂ ಬಾಯಿ ಬರಲಿಲ್ಲ. ಮದಲೇನಮ್ಮ ಒಬ್ಬಳೇ ಎದ್ದು ನಿಂತಳು. ಚೌರಪ್ಪ ಅವಳ ಗಂಡನ ಅಣ್ಣ.

“ಎಲೆ ಹಾಕಿದ್ದೇ ತಪ್ಪು ಅಂತ ನೀವು ತೀರ್ಮಾನ ಮಾಡುದ್ರೆ, ನನ್ ಗಂಡನ್ನ, ನನ್ ಮಗೀನ ನಾನೇ ಕೈಯಾರ ಕೊಂದಂಗಾಯ್ತದೆ ಬಾವ. ಅದ ಹೊತ್ಕೊಂಡು ನಾನು ಹೆಂಗೆ ಬದುಕ್ಲಿ?”

“ನನ್ ಮಗನೂ ಹೋದ ಕಣವ್ವ,” ಎಂದ ಚೌರಪ್ಪ. “ಇನ್ನೊಬ್ರುನ್ನ ಮಣ್ಣು ಮಾಡೋ ಶಕ್ತಿ ಈ ಊರ್ಗಿಲ್ಲ.”

ಇಬ್ಬರ ಮಾತೂ ನಿಜವೇ. ಹೆತ್ತ ಹೊಟ್ಟೆಯ ಸಂಕಟಕ್ಕೆ ನ್ಯಾಯ ಹೇಳುವವರು ಯಾರು? ಸಭೆ ಚೌರಪ್ಪನ ಮಾತಿಗೆ ತಲೆಯಾಡಿಸಿ ಎದ್ದಿತು.

ಮರುವರ್ಷ ಅಂತೋಣಿ ಹಬ್ಬದಂದೇ ಹೊಸ ಚರ್ಚಿನ ಪ್ರತಿಷ್ಠೆ ನಡೆಯಿತು. ಪರಸ್ಥಳದವರನ್ನು ಹಿಂದಕ್ಕೆ ಕಳಿಸಲು ದಾರಿಯಲ್ಲಿ ಆಳುಗಳನ್ನು ನಿಲ್ಲಿಸಿದ್ದರು. ಗೋಡೆಯೊಳಗೆ ಪಂಕ್ತಿ ಕೂತಾಗ ಮದಲೇನಮ್ಮ ಒಂದು ಎಲೆ, ಒಂದು ಮಡಕೆ ಅನ್ನ, ಹುರುಳಿ ಸಾರು ಹಿಡಿದು ಹೊರಗಿನ ದಿಣ್ಣೆ ಹತ್ತಿದಳು. ಎಲೆ ಹಾಸಿ, ಗಾಳಿಗೆ ಹಾರದಂತೆ ಅಂಚಿಗೆ ಕಲ್ಲಿಟ್ಟು, ಬಡಿಸಿ, ರಸ್ತೆ ನೋಡುತ್ತ ಕೂತಳು. ಯಾರೂ ಬರಲಿಲ್ಲ. ಆಳುಗಳು ತಡೆದದ್ದರಿಂದಲ್ಲ, ಅವರಿಗೆ ತಡೆಯಲು ಒಬ್ಬನೂ ಸಿಗಲಿಲ್ಲ. ಪ್ಲೇಗಿನ ಊರೆಂದು ದಾರಿಹೋಕರೆಲ್ಲ ಕೆರೆಯಾಚೆಯ ಬಳಸು ಹಾದಿ ಹಿಡಿದಿದ್ದರು. ಬಾಗಿಲು ಹಾಕಿಕೊಂಡವರ ಮನೆಗೆ ಬರಲು ಯಾರಿಗೂ ಮನಸ್ಸೇ ಇರಲಿಲ್ಲ. ಹೊತ್ತು ಮುಳುಗಿದ ಮೇಲೆ ಮದಲೇನಮ್ಮ ಅನ್ನವನ್ನು ಕಾಗೆಗಳಿಗೆ ಚೆಲ್ಲಿ, ತಾನು ಏನೂ ತಿನ್ನದೆ ಮನೆಗೆ ಹೋದಳು. ಮುಂದಿನ ಹಬ್ಬಕ್ಕೂ ಹಾಗೆಯೇ, ಅದರ ಮುಂದಿನದಕ್ಕೂ ಹಾಗೆಯೇ. ಅವಳಿಗೆ ತಲೆ ಕೆಟ್ಟಿದೆ ಎಂದರು, ಛಲ ಎಂದರು. ‘ಎಲೆದಿಣ್ಣೆ’ ಎಂಬ ಹೆಸರು ಆಗ ಹಂಗಿಸಲೆಂದೇ ಹುಟ್ಟಿದ್ದು.

ಒಂದು ಹಬ್ಬದ ದಿನ ಚೌರಪ್ಪ ಪಂಕ್ತಿಯಿಂದ ಎದ್ದು, ಕೋಲೂರಿಕೊಂಡು ದಿಣ್ಣೆ ಹತ್ತಿ ಬಂದು ಆ ಎಲೆಯ ಮುಂದೆ ಕೂತ. “ಬಡಿಸವ್ವ. ಇವತ್ತು ನನ್ನೇ ಹೊರಗಿನವ ಅಂದ್ಕೊ. ನೀ ಹಿಂಗೆ ಉಪಾಸ ಇರೋದ ನೋಡಾಕಾಗ್ದು.”

ಮದಲೇನಮ್ಮ ಸೌಟು ಎತ್ತಲಿಲ್ಲ. “ನೀವು ನನ್ ಬಾವ. ಹೊರಗಿನವ್ರು ಹೆಂಗಾದೀರಿ? ಬೇಕಾದ್ರೆ ಈ ಪಕ್ಕಕ್ಕೆ ಬನ್ನಿ, ಕಾಯಾನ.”

ಚೌರಪ್ಪ ಎದ್ದು ಅವಳ ಪಕ್ಕದಲ್ಲಿ ಕೂತ. ಹೊತ್ತು ಮುಳುಗುವವರೆಗೆ ಇಬ್ಬರೂ ಉಣ್ಣದೆ ರಸ್ತೆ ನೋಡಿದರು. ಮರುವರ್ಷ ಅವನ ಹೆಂಡತಿ ಬಂದಳು, ಆಮೇಲೆ ನೆರೆಮನೆಯವರು, ಹೀಗೆ ಬರುಬರುತ್ತ ಹೊಸ ಚರ್ಚಿನ ಪಂಕ್ತಿಯೇ ಖಾಲಿಯಾಗಿ ಊರಿಗೆ ಊರೇ ದಿಣ್ಣೆಯ ಮೇಲೆ ಹಸಿದು ಕೂರತೊಡಗಿತು. ಆದರೂ ಮದಲೇನಮ್ಮ ಕಣ್ಣು ಮುಚ್ಚುವವರೆಗೆ ಒಬ್ಬನೇ ಒಬ್ಬ ಆ ದಾರಿಯಲ್ಲಿ ಬರಲಿಲ್ಲ. ಅವಳನ್ನು ದಿಣ್ಣೆಯ ಕೆಳಗೆ, ರಸ್ತೆಗೆ ಮುಖ ಮಾಡಿ ಹೂತಿದ್ದಾರೆ.

ಇಂದು ಅಂತೋಣಿ ಹಬ್ಬದ ದಿನ ನೀವು ಆ ಕಡೆ ಹೋದರೆ ನಿಮ್ಮನ್ನು ಬಿಡುವುದಿಲ್ಲ. ಕೈ ಹಿಡಿದು ದಿಣ್ಣೆಗೆ ಕರೆದೊಯ್ದು ಎಲೆಯ ಮುಂದೆ ಕೂರಿಸುತ್ತಾರೆ, ಹೆಸರೂ ಕೇಳುವುದಿಲ್ಲ. ನೂರಾರು ಕಣ್ಣು ತಮ್ಮ ಬೆರಳನ್ನೇ ನೋಡುವಾಗ ಹೊಸಬರು ಇದೆಂಥ ಉಪಚಾರವಪ್ಪ ಎಂದುಕೊಳ್ಳುತ್ತಾರೆ. ಹೇಗೋ ಒಂದು ತುತ್ತು ನುಂಗುತ್ತಾರೆ. ಆಗ ಚೌರಪ್ಪನ ಮನೆತನದ ಹಿರಿಯರು ತಮ್ಮ ಎಲೆ ಬಿಟ್ಟು ಎದ್ದು, ಕೆಳಗಿನ ಸಮಾಧಿಯ ಕಡೆ ತಿರುಗಿ, ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟು ಮೆಲ್ಲಗೆ ಹೇಳುತ್ತಾರೆ: “ಬಂದವ್ರೆ ಕಣವ್ವ. ಇನ್ನು ನೀನು ಉಣ್ಣು.”